ಸೂರಿನಲ್ಲಿಟ್ಟ ಮೋರಿ

ಕೆನ್ನೆಯ ಮೂಳೆಯೊಳಗೆ ಅಷ್ಟು ದೊಡ್ಡ ಪೊಳ್ಳು ಕೋಣೆ ಕಟ್ಟಿ, ಅಲ್ಲಿನ ಸಿಂಬಳ ಹೊರಗೆ ಹೋಗುವ ಕಿಂಡಿಯನ್ನು ಭಗವಂತ ಎಲ್ಲಿಟ್ಟಿದ್ದಾನೆ ನೋಡಿ. ನೆಲದಲ್ಲಲ್ಲ, ಸೂರಿನ ಪಕ್ಕದಲ್ಲಿ! ಬಚ್ಚಲುಮನೆ ಕಟ್ಟುವ ಮೇಸ್ತ್ರಿ ಮೋರಿಯನ್ನು ತೊಲೆಯ ಕೆಳಗೆ ಇಟ್ಟುಹೋದರೆ ನಾವು ಸುಮ್ಮನಿರುತ್ತೇವಾ? ಕರೆಸಿ, ಒಡೆಸಿ, ಮತ್ತೆ ಕಟ್ಟಿಸುತ್ತೇವೆ, ಅಲ್ವಾ? ಆದರೆ ನಮ್ಮ ನಿಮ್ಮೆಲ್ಲರ ಮುಖದೊಳಗೆ ಎಡಕ್ಕೊಂದು ಬಲಕ್ಕೊಂದು ಹಾಗೇ ಇಟ್ಟ ಕಿಂಡಿ ಇದೆ. ಅದು ಆಯುಷ್ಯಪೂರ್ತಿ ತನ್ನ ಪಾಡಿಗೆ ಕೆಲಸ ಮಾಡಿಕೊಂಡೂ ಹೋಗುತ್ತದೆ. ನಾಲ್ಕು ಕಾಲಲ್ಲಿ ಓಡಾಡುವ ಪ್ರಾಣಿಗೆ ಮುಖ ಕೆಳಗೆ ಬಾಗಿರುತ್ತದೆ, ಆಗ ಆ ಕಿಂಡಿ ಸರಿಯಾದ ಜಾಗದಲ್ಲೇ ಬೀಳುತ್ತದೆ, ಮನುಷ್ಯ ನೆಟ್ಟಗೆ ಎದ್ದುನಿಂತಿದ್ದರಿಂದಲೇ ಈ ಫಜೀತಿ ಎಂದು ಕೆಲವರು ವಾದಿಸುತ್ತಾರೆ. ಇದ್ದರೂ ಇರಬಹುದು.

ಇಷ್ಟಕ್ಕೂ ಈ ಮಾತು ಬಂದದ್ದು ಪಕ್ಕದ ಮನೆ ರಾಯರಿಂದ. ಅವರಿಗೆ ಡಾಕ್ಟರು ಎಂಡೋಸ್ಕೋಪ್ ಹಾಕಿ ಸೈನಸ್, ಅಂದರೆ ಇಂಥ ಪೊಳ್ಳು ಕೋಣೆ, ತೆರೆಯೋಣ ಅಂದಿದ್ದಾರಂತೆ. ಬೇಲಿಯ ಆಚೆ ನಿಂತು ದಾಸವಾಳ ಬಿಡಿಸುತ್ತಾ, "ಮಾಡಿಸಿಕೊಂಡ್ರೂ ಮತ್ತೆ ಬರುತ್ತಂತಲ್ರೀ, ಹೌದಾ?" ಅಂದರು. ಯಾರನ್ನು ಕೇಳಿದರೂ ಇದೇ ಪ್ರಶ್ನೆ. ಹೌದು ಅಂದರೂ ಪೂರ್ತಿ ನಿಜವಲ್ಲ, ಇಲ್ಲ ಅಂದರೂ ಪೂರ್ತಿ ನಿಜವಲ್ಲ. ಅದಕ್ಕೆ ಸ್ವಲ್ಪ ಸುತ್ತಿ ಬಳಸಿಯೇ ಬರಬೇಕು.

ಮೊದಲು ಆ ಸಿಂಬಳ ಸೂರಿಗೆ ಹತ್ತುವುದು ಹೇಗೆ ಅನ್ನೋದನ್ನ ನೋಡಿ. ಕೋಣೆಯ ಒಳಗೋಡೆಗೆಲ್ಲ ತೇವದ ಪೊರೆ ಹಾಸಿದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು. ಸೆಕೆಂಡಿಗೆ ಹತ್ತು ಹನ್ನೆರಡು ಸಲ ಅವು ಬೀಸುತ್ತವೆ, ಎಲ್ಲವೂ ಒಂದೇ ದಿಕ್ಕಿಗೆ. ಮೇಲಿನ ಅಂಟನ್ನೂ ಅದಕ್ಕೆ ಮೆತ್ತಿಕೊಂಡ ಧೂಳನ್ನೂ ನೆಲದಿಂದ ಎತ್ತಿ, ಗೋಡೆ ಹತ್ತಿಸಿ, ಸೂರಿನ ಹತ್ತಿರ ತಂದು, ಆ ಒಂದೇ ಕಿಂಡಿಯಿಂದ ಮೂಗಿನೊಳಕ್ಕೆ ದಾಟಿಸುತ್ತವೆ. ಅಲ್ಲಿಂದ ಹಿಂದಕ್ಕೆ ಹೋಗಿ ಗಂಟಲಿಗೆ ಇಳಿದು ಹೊಟ್ಟೆ ಸೇರುತ್ತದೆ. ನಮಗೆ ಗೊತ್ತೂ ಆಗೋದಿಲ್ಲ, ಅಲ್ವಾ? ಈ ರೋಮಗಳು ಚುರುಕಾಗಿವೆಯೋ ಇಲ್ಲವೋ ನೋಡಲು ಡಾಕ್ಟರುಗಳ ಹತ್ತಿರ ಒಂದು ಪರೀಕ್ಷೆಯಿದೆ, ನನಗೆ ಬಹಳ ಇಷ್ಟವಾದದ್ದು. ಮೂಗಿನೊಳಗೆ ಮುಂದುಗಡೆ ಸ್ಯಾಕರಿನ್ನಿನ ಒಂದು ಕಣ ಇಟ್ಟು ಸುಮ್ಮನೆ ಕೂರಿಸುತ್ತಾರೆ. ಸೀನಬಾರದು, ಮೂಗೆಳೆಯಬಾರದು. ಹತ್ತು ಇಪ್ಪತ್ತು ನಿಮಿಷ ಕಳೆದ ಮೇಲೆ ಇದ್ದಕ್ಕಿದ್ದಂತೆ ಗಂಟಲಲ್ಲಿ ಸಿಹಿ! ಆ ಕಣ ಅಷ್ಟು ದೂರ ಪ್ರಯಾಣ ಮಾಡಿ ಬಂತು ಎಂದರ್ಥ. 30 ನಿಮಿಷವಾದರೂ ಸಿಹಿ ಹತ್ತಲಿಲ್ಲವೆಂದರೆ ರೋಮಗಳು ಸೋತಿವೆ. ಸೂಜಿಯಿಲ್ಲ, ಯಂತ್ರವಿಲ್ಲ, ಗಡಿಯಾರ ನೋಡಿಕೊಂಡು ಕೂತರೆ ಆಯಿತು.

ಹೊಗೆಸೊಪ್ಪಿನ ಹೊಗೆ ಈ ರೋಮಗಳನ್ನು ಮಂದ ಮಾಡುತ್ತದೆ. ಹೊಗೆಸೊಪ್ಪು ಅಂದಾಗ ನೆನಪಾಯಿತು, ನಮ್ಮ ದೊಡ್ಡಪ್ಪ ನಶ್ಯ ಏರಿಸುತ್ತಿದ್ದರು. ಹಿತ್ತಾಳೆಯ ಪುಟ್ಟ ಡಬ್ಬಿ, ಮುಚ್ಚಳದ ಮೇಲೆ ಬೆರಳಿಂದ ಎರಡು ಸಲ ಟಕ್ ಟಕ್, ಆಮೇಲೆ ಒಂದು ಚಿಟಿಕೆ. ಏರಿಸಿದ ಮೇಲೆ ಅವರ ಮುಖದಲ್ಲಿ ಒಂದು ಗಂಭೀರವಾದ ಕಾಯುವಿಕೆ ಇರುತ್ತಿತ್ತು, ಸೀನು ಬರುವವರೆಗೆ ಯಾರೂ ಮಾತಾಡಿಸುವ ಹಾಗಿಲ್ಲ. ಸೀನಿದ ಮೇಲೆ "ತಲೆ ಹಗುರಾಯ್ತು" ಅನ್ನುತ್ತಿದ್ದರು. ಮನೆಯಲ್ಲಿ ಒಗ್ಗರಣೆ ಸೀದುಹೋದರೂ ಅವರಿಗೆ ವಾಸನೆ ಹತ್ತುತ್ತಿರಲಿಲ್ಲ. ದೊಡ್ಡಮ್ಮ ಅದಕ್ಕೇ ಬೈಯುತ್ತಿದ್ದರು. ಆಗ ನಮಗೆ ಅದು ತಮಾಷೆ. ವಾಸನೆ ಹೋಗುವುದು ಎಷ್ಟು ದೊಡ್ಡ ನಷ್ಟ ಅಂತ ಈಗ ಅನ್ನಿಸುತ್ತದೆ. ಮಳೆ ಬಿದ್ದ ಮಣ್ಣು, ಹೊಸ ಅಕ್ಕಿಯ ಅನ್ನ, ಹಬ್ಬದ ಹೋಳಿಗೆಯ ತುಪ್ಪ, ಯಾವುದೂ ಇಲ್ಲ ಅಂದರೆ ಹೇಗಿರಬೇಡ, ಹೇಳಿ?

ಇರಲಿ, ಕೆನ್ನೆಯ ಕೋಣೆಗೆ ಬರೋಣ. ಅದಕ್ಕೆ ಈಗಲೂ ನಥಾನಿಯಲ್ ಹೈಮೋರ್ ಎಂಬ ಇಂಗ್ಲಿಷ್ ವೈದ್ಯರ ಹೆಸರು ಅಂಟಿಕೊಂಡಿದೆ. 1651ರಲ್ಲಿ ಅವರು ಅಚ್ಚು ಹಾಕಿಸಿದ ಶರೀರರಚನೆಯ ಪುಸ್ತಕದಲ್ಲಿ ಒಬ್ಬ ಹೆಂಗಸಿನ ಕಥೆ ಬರುತ್ತದೆ. ಆಕೆ ಮೇಲಿನ ಕೋರೆಹಲ್ಲು ಕೀಳಿಸಿದ್ದಳು. ಆ ಗುಳಿಯಿಂದ ರಸಿ ಸೋರುತ್ತಲೇ ಇತ್ತು. ಇದು ಎಲ್ಲಿಂದ ಬರ್ತಿದೆ ನೋಡೇಬಿಡೋಣ ಅಂತ ಮೊದಲು ಬೆಳ್ಳಿಯ ಕಡ್ಡಿ ತೂರಿಸಿದಳು. ಸಾಲದು ಅನ್ನಿಸಿತೋ ಏನೋ, ಹಕ್ಕಿಯ ಗರಿಯೊಂದರ ಎಸಳು ಸುಲಿದು ಅದರ ಕಡ್ಡಿಯನ್ನೂ ತೂರಿಸಿದಳು. ಅದು ಹೋಗ್ತಾ ಇದೆ, ಹೋಗ್ತಾ ಇದೆ, ಹೆಚ್ಚುಕಡಿಮೆ ಇಡೀ ಗರಿಯೇ ಒಳಗೆ! ಮಿದುಳಿಗೇ ಮುಟ್ಟಿತು ಅಂತ ಗಾಬರಿಯಾಗಿ ಹೈಮೋರ್ ಹತ್ತಿರ ಬಂದಳು. ಪಾಪ, ಯಾರಿಗಾದರೂ ಹಾಗೇ ಅನ್ನಿಸುತ್ತೆ, ಅಲ್ವಾ? ಅದು ಮಿದುಳಲ್ಲ, ಕೆನ್ನೆಯ ಪೊಳ್ಳು ಅಂತ ಅವರಿಗೆ ಗೊತ್ತಿತ್ತು. ಅದಕ್ಕೂ 160 ವರ್ಷಗಳ ಹಿಂದೆ, 1489ರಲ್ಲಿ, ಲಿಯೊನಾರ್ಡೊ ಡಾ ವಿಂಚಿ ತಲೆಬುರುಡೆಯನ್ನು ಕತ್ತರಿಸಿ ಇದೇ ಕೋಣೆಯ ಚಿತ್ರ ಬರೆದಿಟ್ಟಿದ್ದ. ಆದರೆ ಹಾಳೆಗಳು ಅಚ್ಚಾಗಲಿಲ್ಲ, ಹೆಸರು ಹೈಮೋರಿಗೆ ಹೋಯಿತು.

ಆ ಹೆಂಗಸಿನ ಕಥೆಯಲ್ಲಿ ಒಂದು ನಿಜ ಇದೆ, ಈಗಲೂ ಉಪಯೋಗಕ್ಕೆ ಬರುವಂಥದು. ಮೇಲಿನ ದವಡೆಹಲ್ಲುಗಳ ಬೇರು ಈ ಕೋಣೆಯ ನೆಲಕ್ಕೆ ತಾಗುವಷ್ಟು ಹತ್ತಿರ. ಒಂದೇ ಕಡೆಯ ಮೂಗಿನಿಂದ ಕೆಟ್ಟ ವಾಸನೆಯ ಕೀವು ಬರ್ತಾ ಇದ್ದರೆ ಮೂಗಿನ ಡಾಕ್ಟರಷ್ಟೇ ಅಲ್ಲ, ಹಲ್ಲಿನ ಡಾಕ್ಟರೂ ನೋಡಬೇಕು. ಹಲ್ಲನ್ನು ಬಿಟ್ಟು ಮೂಗಿಗೆ ಎಷ್ಟು ಔಷಧಿ ಸುರಿದರೂ ಅದು ವಾಸಿಯಾಗೋದಿಲ್ಲ.

ಹಳೆಯ ಕಾಲದ ಆಪರೇಷನ್ನೂ ಹಲ್ಲಿನ ಮೇಲಿನಿಂದಲೇ. ನ್ಯೂಯಾರ್ಕಿನ ಜಾರ್ಜ್ ಕಾಲ್ಡ್‌ವೆಲ್ 1893ರಲ್ಲಿ, ಪ್ಯಾರಿಸ್ಸಿನ ಹೆನ್ರಿ ಲುಕ್ 1897ರಲ್ಲಿ, ಬೇರೆ ಬೇರೆಯಾಗಿಯೇ ಇದನ್ನು ಬರೆದರು. ಮೇಲ್ದುಟಿ ಎತ್ತಿ, ಕೋರೆಹಲ್ಲಿನ ಮೇಲಿನ ಮೂಳೆ ಒಡೆದು, ಕೋಣೆಯ ಒಳಪೊರೆಯನ್ನೆಲ್ಲ ಕೆರೆದು ತೆಗೆದು, ನೀರು ಸುಲಭವಾಗಿ ಇಳಿದುಹೋಗಲಿ ಅಂತ ತಳದಲ್ಲಿ ಮೂಗಿನ ಕಡೆಗೆ ಹೊಸದೊಂದು ಕಿಂಡಿ ಕೊರೆಯುವುದು. ಮೇಸ್ತ್ರಿ ತಪ್ಪು ಮಾಡಿದ್ದಾನೆ, ನಾವು ಮೋರಿಯನ್ನು ನೆಲಕ್ಕೆ ಇಳಿಸೋಣ ಅನ್ನೋ ಲೆಕ್ಕ. ಕೇಳಿದರೆ ನ್ಯಾಯವೇ ಅನ್ನಿಸುತ್ತದೆ. ನೆಗಡಿಯಾಯ್ತು ಅಂತ ಮೂಗು ಕೊಯ್ದುಕೊಂಡರು ಅನ್ನೋ ಗಾದೆ ನಮ್ಮಲ್ಲಿದೆಯಲ್ಲ, ಇದು ಅಷ್ಟಕ್ಕೆ ಹೋಗಲಿಲ್ಲ ಬಿಡಿ, ಆ ಕಾಲದಲ್ಲಿ ಎಷ್ಟೋ ಜನರನ್ನು ಇದು ಬದುಕಿಸಿದೆ. ಆದರೂ ಕೆನ್ನೆ ಊದಿಕೊಳ್ಳುವುದು, ತುಟಿಯ ಮೇಲೆ, ಹಲ್ಲಿನ ಸಾಲಿನಲ್ಲಿ ಜೋಮು ಹಿಡಿದು ಕೆಲವರಿಗೆ ಹಾಗೇ ಉಳಿದುಬಿಡುವುದು, ಇದೆಲ್ಲ ಇತ್ತು. ಅಷ್ಟಾದ ಮೇಲೂ ಕೆಲವರಿಗೆ ಕೀವು ಮತ್ತೆ ತುಂಬಿಕೊಳ್ಳುತ್ತಿತ್ತು. ರಾಯರು ಕೇಳಿದ "ಮತ್ತೆ ಬರುತ್ತಂತಲ್ಲ" ಅನ್ನೋ ಮಾತು ಊರಲ್ಲಿ ಹಬ್ಬಿದ್ದು ಬಹುಶಃ ಈ ಕಾಲದಿಂದಲೇ.

ಯಾಕೆ ಮತ್ತೆ ತುಂಬುತ್ತಿತ್ತು? ಇದನ್ನು ಕಂಡುಹಿಡಿದವರು ಆಸ್ಟ್ರಿಯಾ ದೇಶದ ಗ್ರಾಜ್ ಊರಿನ ವಾಲ್ಟರ್ ಮೆಸ್ಸರ್‌ಕ್ಲಿಂಗರ್. ಇವರ ತಾಳ್ಮೆಯನ್ನು ನೆನೆದರೆ ನನಗೆ ಮನಸ್ಸು ತುಂಬಿ ಬರುತ್ತದೆ. ಆಗತಾನೇ ತೀರಿಕೊಂಡವರ ಸೈನಸ್ ತೆಗೆದು ನೋಡುತ್ತಾ ಕೂತರು. ಉಸಿರು ನಿಂತ ಮೇಲೂ ಗಂಟೆಗಟ್ಟಲೆ ಆ ರೋಮಗಳು ಬೀಸುತ್ತಲೇ ಇರುತ್ತವೆ, ಗೊತ್ತಾ? ಸಿಂಬಳ ಯಾವ ದಾರಿ ಹಿಡಿಯುತ್ತದೆ ಅಂತ ಗುರುತು ಮಾಡಿಕೊಂಡರು. ಆಗ ಕಂಡಿದ್ದು ಇದು: ನೀವು ನೆಲದಲ್ಲಿ ಎಷ್ಟು ದೊಡ್ಡ ಕಿಂಡಿ ಕೊರೆದರೂ ಸಿಂಬಳ ಅದರ ಅಂಚಿಗೆ ಬಂದು, ಅದನ್ನು ಬಳಸಿಕೊಂಡು ಹೋಗಿ, ಮತ್ತೆ ಗೋಡೆ ಹತ್ತುತ್ತದೆ! ಮಗ್ಗುಲಲ್ಲೇ ಅಷ್ಟು ಅಗಲದ ದಾರಿ ಬಿದ್ದಿದ್ದರೂ ಅದಕ್ಕೆ ಬೇಡ. ಹುಟ್ಟಿದಾಗಿನಿಂದ ಯಾವ ಬಾಗಿಲಿಗೆ ಹೋಗುತ್ತಿತ್ತೋ ಅದೇ ಬೇಕು. ಆ ಬಾಗಿಲು ಮುಚ್ಚಿದ್ದರೆ ಅಲ್ಲೇ ಕಾದು ನಿಲ್ಲುತ್ತದೆ, ಕೊಳೆಯುತ್ತದೆ. ಅಂದಮೇಲೆ ಮಾಡಬೇಕಾದ ಕೆಲಸ ಒಂದೇ, ಹಳೆಯ ಬಾಗಿಲನ್ನು ಬಿಡಿಸಿಕೊಡುವುದು. ಒಳಪೊರೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಬಾಗಿಲು ಬಿಟ್ಟರೆ ಊದಿಕೊಂಡ ಪೊರೆ ತಿಂಗಳುಗಳಲ್ಲಿ ತಾನಾಗಿ ಸರಿಹೋಗುವುದನ್ನು ಅವರು ಮತ್ತೆ ಮತ್ತೆ ಕಂಡರು. ಶಸ್ತ್ರವೈದ್ಯರಾಗಿ ಇಷ್ಟು ಕಡಿಮೆ ಕೊಯ್ಯುವ ಮನಸ್ಸು ಮಾಡುವುದು ಸಣ್ಣ ಮಾತಲ್ಲ.

ಇಷ್ಟನ್ನೂ ಮಾಡಲು ಮೂಗಿನೊಳಗೆ ಸರಿಯಾಗಿ ಕಾಣಬೇಕಲ್ಲ! ಇಲ್ಲೊಂದು ವಿಚಿತ್ರ ಇದೆ. ಮೂಗಿಗೆ ಕಣ್ಣು ಕೊಟ್ಟಿದ್ದು ಎರಡು ಸಲವೂ ಮೂತ್ರಕೋಶ. ನಗಬೇಡಿ, ನಿಜವಾಗಿಯೂ. 1901ರಲ್ಲಿ ಬರ್ಲಿನ್ನಿನ ಆಲ್ಫ್ರೆಡ್ ಹಿರ್ಷ್‌ಮನ್ ಮೂತ್ರಕೋಶ ನೋಡುವ ಕೊಳವೆಯನ್ನೇ ಸಣ್ಣದು ಮಾಡಿಸಿ, ಹಲ್ಲು ಕಿತ್ತ ಗುಳಿಯನ್ನು ಸ್ವಲ್ಪ ಅಗಲಿಸಿ, ಅದರೊಳಗಿಂದ ಕೆನ್ನೆಯ ಸೈನಸ್ಸಿಗೆ ಇಣುಕಿದರು. ಕಂಡಿತು, ಆದರೆ ಮಂಕು ಮಂಕಾಗಿ. ಅರ್ಧ ಶತಮಾನ ಕಳೆದ ಮೇಲೆ ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಹತ್ತಿರ ಲಿವರ್‌ಪೂಲಿನ ಮೂತ್ರಾಂಗ ತಜ್ಞ ಜೇಮ್ಸ್ ಗೌ ಬಂದು, ನಮ್ಮ ಕೊಳವೆಯಲ್ಲಿ ಏನೂ ಸರಿಯಾಗಿ ಕಾಣೋದಿಲ್ಲ ಅಂತ ಕಷ್ಟ ಹೇಳಿಕೊಂಡರು. ಅಲ್ಲಿಯವರೆಗಿನ ಕೊಳವೆಗಳಲ್ಲಿ ಉದ್ದಕ್ಕೂ ಗಾಳಿ, ನಡುನಡುವೆ ತೆಳ್ಳನೆ ಗಾಜಿನ ಬಿಲ್ಲೆಗಳು. ಹಾಪ್ಕಿನ್ಸ್ ಅದನ್ನೇ ತಿರುವಿಹಾಕಿದರು. ಉದ್ದಕ್ಕೂ ಗಾಜಿನ ಕಡ್ಡಿಗಳು, ನಡುನಡುವೆ ತೆಳ್ಳನೆ ಗಾಳಿಯ ಬಿಲ್ಲೆಗಳು! ಅಷ್ಟೇ. ಬೆಳಕು ಎಷ್ಟೋ ಪಟ್ಟು ಹೆಚ್ಚು ಬಂತು, ಚಿತ್ರ ಸ್ಫಟಿಕದಷ್ಟು ನಿಚ್ಚಳ. 1959ರಲ್ಲಿ ಪೇಟೆಂಟ್ ಆಯಿತು. ಕೊನೆಗೆ 1960ರ ದಶಕದಲ್ಲಿ ಜರ್ಮನಿಯ ಟುಟ್ಲಿಂಗನ್ ಊರಿನ ಕಾರ್ಲ್ ಸ್ಟೋರ್ಜ್ ಅದನ್ನು ಕೈಗೆತ್ತಿಕೊಂಡು ತಯಾರಿಸಿದರು. ಇವತ್ತು ಯಾವ ಊರಿನ ಆಪರೇಷನ್ ಥಿಯೇಟರಿಗೆ ಹೋದರೂ ಮೂಗಿನ ಡಾಕ್ಟರ ಕೈಯಲ್ಲಿ 4 ಮಿಲಿಮೀಟರ್ ದಪ್ಪದ ಆ ಕಡ್ಡಿ, ಅಂದರೆ ಎಂಡೋಸ್ಕೋಪ್, ಇದ್ದೇ ಇರುತ್ತದೆ.

ಹಾಪ್ಕಿನ್ಸರ ಹೆಸರು ಬಂದಮೇಲೆ ನಮ್ಮ ನರಿಂದರ್ ಸಿಂಗ್ ಕಪಾನಿಯವರನ್ನು ಬಿಟ್ಟು ಮುಂದೆ ಹೋಗೋಕೆ ಮನಸ್ಸಾಗೋದಿಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿ ಲಂಡನ್ನಿಗೆ ಓದಲು ಹೋದವರು, ಹಾಪ್ಕಿನ್ಸರ ಶಿಷ್ಯ. ಗಾಜಿನ ಎಳೆಗಳ ಕಂತೆಯಲ್ಲಿ ಚಿತ್ರವನ್ನು ಬಾಗಿಸಿ ಸಾಗಿಸಬಹುದು ಅಂತ ಇಬ್ಬರೂ ಸೇರಿ 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಈಗ ನೆಟ್ಟನೆಯ ಕಡ್ಡಿಯೊಳಗೆ ಚಿತ್ರ ಬರುವುದು ಹಾಪ್ಕಿನ್ಸರ ಗಾಜಿನಿಂದ, ಆ ಕಡ್ಡಿಗೆ ಬೆಳಕು ಹೋಗುವುದು ಗಾಜಿನೆಳೆಗಳ ಕೇಬಲ್ಲಿನಿಂದ. ಗುರು ಶಿಷ್ಯರಿಬ್ಬರೂ ಒಂದೇ ಮೂಗಿನಲ್ಲಿ ಇದ್ದಾರೆ ಅಂತಾಯ್ತು, ಅಲ್ವಾ? ಕಪಾನಿ 2020ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದಿದ್ದು ಅದರ ಮರುವರ್ಷ. ಅವರಿರುವಾಗಲೇ ಕೊಡಬೇಕಿತ್ತು.

ಆ ಕಡ್ಡಿ ಹಿಡಿದೇ ಮೆಸ್ಸರ್‌ಕ್ಲಿಂಗರ್ ಮೂಗಿನೊಳಗನ್ನು ನೋಡಿ ನೋಡಿ 1978ರಲ್ಲಿ ಪುಸ್ತಕ ಬರೆದರು. ಅವರ ಶಿಷ್ಯ ಹೈಂಜ್ ಸ್ಟಾಂಬರ್ಗರ್ ಊರೂರು ತಿರುಗಿ ಕಲಿಸಿದರು. ಅಮೆರಿಕದ ಬಾಲ್ಟಿಮೋರಿನಲ್ಲಿ ಡೇವಿಡ್ ಕೆನಡಿ 1985ರಲ್ಲಿ ಈ ಆಪರೇಷನ್ನಿಗೆ ಈಗಿನ ಉದ್ದನೆಯ ಹೆಸರು ಕೊಟ್ಟರು, ಡಾಕ್ಟರುಗಳು ಅದನ್ನು ಚುಟುಕಾಗಿ 'ಫೆಸ್' ಅನ್ನುತ್ತಾರೆ.

ಆಸ್ಪತ್ರೆಯವರು ಕೊಟ್ಟ ಸಿ.ಟಿ. ಸ್ಕ್ಯಾನನ್ನು ರಾಯರು ಬಿಸಿಲಿಗೆ ಹಿಡಿದು ನನಗೆ ತೋರಿಸಿದರು. ಸ್ಕ್ಯಾನಿನ ವರದಿಯಲ್ಲಿ ಎಷ್ಟೊಂದು ಜನರ ಹೆಸರು! ಕಣ್ಣಿನ ಗುಳಿಯ ಕೆಳಗೆ ಸೇರಿಕೊಂಡ ಗಾಳಿಗೂಡಿಗೆ ಸ್ವಿಟ್ಜರ್ಲೆಂಡಿನ ಹಾಲರ್ ಹೆಸರು, ಹದಿನೆಂಟನೇ ಶತಮಾನದವರು. ಹಿಂದೆ ಕಣ್ಣಿನ ನರದ ಮಗ್ಗುಲಲ್ಲಿ ಕೂತ ಗೂಡಿಗೆ ಹಂಗೆರಿಯ ಓನೊಡಿ ಹೆಸರು. ಇವು ಎಲ್ಲರಿಗೂ ಇರೋದಿಲ್ಲ. ಇದ್ದವರಿಗೂ ಒಂದೇ ರೀತಿ ಇರೋದಿಲ್ಲ. ಹಣೆಯ ಸೈನಸ್ ಅಂತೂ ಹುಟ್ಟುವಾಗ ಇರುವುದೇ ಇಲ್ಲ. ಆರೇಳು ವರ್ಷಕ್ಕೆ ಕಾಣಿಸಿಕೊಂಡು, ಮೀಸೆ ಬರುವ ವಯಸ್ಸಿನವರೆಗೆ ಬೆಳೆಯುತ್ತಾ ಹೋಗುತ್ತದೆ. ಕೆಲವರಿಗೆ ಬೆಳೆಯುವುದೇ ಇಲ್ಲ. ಒಬ್ಬರ ಹಣೆಯೊಳಗಿನ ಅಂಚು ಇನ್ನೊಬ್ಬರದರ ಹಾಗಿರುವುದಿಲ್ಲವಾದ್ದರಿಂದ ಗುರುತು ಸಿಗದ ಶವವನ್ನು ಹಳೆಯ ಎಕ್ಸ್‌ರೇ ಜೊತೆ ಹೋಲಿಸಿ ಪತ್ತೆಮಾಡುವುದೂ ಉಂಟು. ನಾಲ್ಕು ವರ್ಷದ ಮೊಮ್ಮಗನಿಗೆ ಹಣೆಯ ಸೈನಸ್ ತುಂಬಿದೆ ಅಂತ ಯಾರಾದರೂ ಅಂದರೆ ಸ್ವಲ್ಪ ನಿಂತು ಯೋಚನೆ ಮಾಡಿ.

ಇಷ್ಟೊಂದು ಗೂಡುಗಳ ನಡುವೆ ಡಾಕ್ಟರು ಎಚ್ಚರವಾಗಿರಬೇಕಾದದ್ದು ಗೋಡೆಗಳ ಬಗ್ಗೆ. ಎರಡು ಕಣ್ಣುಗಳ ನಡುವಿನ ಎತ್ಮಾಯ್ಡ್ ಗೂಡಿಗೂ ಕಣ್ಣಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆ. ಮೇಲೆ ಮಿದುಳಿನ ನೆಲ. ಅದು ಎಷ್ಟು ತಗ್ಗಿಗೆ ಇಳಿದಿದೆ ಅನ್ನೋದನ್ನು 1962ರಲ್ಲಿ ಕೆರೋಸ್ ಅನ್ನುವವರು ಅಳೆದು ಮೂರು ಬಗೆ ಮಾಡಿದರು: 3 ಮಿಲಿಮೀಟರಿನವರೆಗೆ ಒಂದು, 4ರಿಂದ 7 ಇನ್ನೊಂದು, 8ರ ಮೇಲೆ ಮೂರನೆಯದು. ಆಳ ಹೆಚ್ಚಿದಷ್ಟೂ ಪಕ್ಕದ ತೆಳುಗೋಡೆ ಹೆಚ್ಚು ಬಯಲಾಗಿರುತ್ತದೆ, ಕತ್ತರಿ ತಗುಲುವ ಭಯ ಹೆಚ್ಚು. ಇನ್ನೂ ಹಿಂದಕ್ಕೆ, ತಲೆಯ ನಟ್ಟನಡುವಿನ ಸ್ಫೀನಾಯ್ಡ್ ಕೋಣೆಯ ಗೋಡೆಯಲ್ಲಿ ಕಣ್ಣಿನ ನರ, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ಬೋಸ್ಟನ್ನಿನ ಮೋಷರ್ ಎಂಬ ಹಿರಿಯ ಸರ್ಜನ್ 1929ರಲ್ಲೇ, ರೋಗಿಯ ಪ್ರಾಣ ತೆಗೆಯಲು ಇಷ್ಟು ಸುಲಭವಾದ ಆಪರೇಷನ್ ಇನ್ನೊಂದು ಸಿಗುವುದು ಕಷ್ಟ ಎಂಬರ್ಥದ ಮಾತು ಬರೆದಿದ್ದರು. ಎಂಡೋಸ್ಕೋಪೂ ಸಿ.ಟಿ.ಯೂ ಇಲ್ಲದ ಕಾಲ ಅದು. ಈಗ ಸ್ಕ್ಯಾನ್ ನೋಡದೆ ಯಾರೂ ಕೈ ಹಾಕುವುದಿಲ್ಲ.

ಥಿಯೇಟರಿನಲ್ಲಿ ರೋಗಿಯ ಮೈಯನ್ನೆಲ್ಲ ಹಸಿರು ಬಟ್ಟೆಯಿಂದ ಮುಚ್ಚಿದರೂ ಕಣ್ಣುಗಳನ್ನು ಮಾತ್ರ ಮುಚ್ಚದೆ ಬಿಡುತ್ತಾರೆ, ಗೊತ್ತಾ? ಒಳಗೆ ಉಪಕರಣ ಆಡುವಾಗ ಹೊರಗೆ ಕಣ್ಣುಗುಡ್ಡೆ ಅಲುಗಿತೆಂದರೆ ಆ ಕಾಗದದ ಗೋಡೆಗೆ ತಾಗಿದೆ ಎಂದು ತಕ್ಷಣ ತಿಳಿಯಬೇಕಲ್ಲ. ತೆಗೆದ ತುಣುಕಿನ ಬಗ್ಗೆ ಅನುಮಾನ ಬಂದರೆ ನೀರಿಗೆ ಹಾಕುತ್ತಾರೆ. ಮುಳುಗಿದರೆ ಸೈನಸ್ಸಿನ ಮಾಂಸ, ತೇಲಿದರೆ ಕಣ್ಣಿನ ಸುತ್ತಲಿನ ಕೊಬ್ಬು, ಅಲ್ಲಿಗೆ ಕೈ ನಿಲ್ಲಿಸಬೇಕು. ಅಷ್ಟೆಲ್ಲ ಪರದೆ, ಕ್ಯಾಮೆರಾ, ದಾರಿ ತೋರಿಸುವ ಕಂಪ್ಯೂಟರ್ ಇದ್ದರೂ ಕೊನೆಗೆ ಒಂದು ಬಟ್ಟಲು ನೀರು! ಆಪರೇಷನ್ ಶುರುಮಾಡುವ ಮೊದಲು ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿ ಇಟ್ಟು ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತಾರೆ. ರಕ್ತ ಕಡಿಮೆಯಾದರೆ ಚಿತ್ರ ಚೆನ್ನ. ಆಮೇಲೆ ಕೊಕ್ಕೆಯ ಹಾಗೆ ಬಾಗಿದ ಪುಟ್ಟ ಮೂಳೆಯನ್ನು ಬಿಡಿಸಿದರೆ ಅದರ ಹಿಂದೆ ಕೆನ್ನೆಯ ಕೋಣೆಯ ಆ ಪ್ರಸಿದ್ಧ ಬಾಗಿಲು. ಹಣೆಯ ನೀರೂ, ಕೆನ್ನೆಯ ನೀರೂ, ಮುಂದಿನ ಎತ್ಮಾಯ್ಡ್ ನೀರೂ ಬಂದು ಸೇರುವುದು ಈ ಒಂದು ಇಕ್ಕಟ್ಟಿನ ಓಣಿಗೇ. ಇಲ್ಲಿ ಪೊರೆ ಒಂದೆರಡು ಮಿಲಿಮೀಟರ್ ಊದಿದರೂ ಮೂರೂ ಕಡೆ ನೀರು ನಿಲ್ಲುತ್ತದೆ.

ಆದರೆ ಎಲ್ಲ ನೆಗಡಿಗೂ ಈ ದಾರಿ ಅಲ್ಲ, ಇದನ್ನು ಒತ್ತಿ ಹೇಳಬೇಕು. 1994ರಲ್ಲಿ ಅಮೆರಿಕದಲ್ಲಿ ಬರೀ ನೆಗಡಿಯಾದವರನ್ನು ಹಿಡಿದು ಸಿ.ಟಿ. ಮಾಡಿದರು. ನೂರಕ್ಕೆ 87 ಮಂದಿಯ ಕೆನ್ನೆಯ ಸೈನಸ್ ತುಂಬಿಕೊಂಡೇ ಇತ್ತು. ಹೆಚ್ಚಿನವರಿಗೆ ಆಂಟಿಬಯಾಟಿಕ್ ಇಲ್ಲದೆ ಎರಡು ವಾರದಲ್ಲಿ ತಿಳಿಯಾಯಿತು. ಅದಕ್ಕೇ ಡಾಕ್ಟರುಗಳು ಕಾಲದ ಗೆರೆ ಎಳೆದಿದ್ದಾರೆ. 12 ವಾರ ದಾಟಿದರೆ ದೀರ್ಘಕಾಲದ್ದು, ಅದಕ್ಕೆ ಮೊದಲು ಹೊಸದು. ವರ್ಷಕ್ಕೆ ನಾಲ್ಕು ಸಲ ಬಂದು ನಡುವೆ ಪೂರ್ತಿ ವಾಸಿಯಾಗುತ್ತಿದ್ದರೆ ಅದು ಬೇರೆ ಪಂಗಡ. ಯುರೋಪಿನ ತಜ್ಞರು 2005ರಿಂದ ಈ ಪಟ್ಟಿಯನ್ನು ತಿದ್ದುತ್ತಾ ಬಂದು 2020ರಲ್ಲಿ ಇನ್ನೂ ಬಿಡಿಸಿ ಬರೆದಿದ್ದಾರೆ: ಒಂದೇ ಕಡೆಯೋ ಎರಡೂ ಕಡೆಯೋ, ಮೂಗಿನದೇ ರೋಗವೋ ಹಲ್ಲು ಗಿಲ್ಲಿನಿಂದ ಬಂದದ್ದೋ, ಪೊರೆಯ ಉರಿಯೂತ ಅಲರ್ಜಿ ಆಸ್ತಮಾದವರಲ್ಲಿ ಕಾಣುವ ಬಗೆಯದೋ ಅಲ್ಲವೋ. ಹಿಂದೆ ಮೂಗಿನಲ್ಲಿ ದುರ್ಮಾಂಸ ಇದೆಯೋ ಇಲ್ಲವೋ ಅನ್ನುವುದೊಂದೇ ದೊಡ್ಡ ಪ್ರಶ್ನೆಯಾಗಿತ್ತು. ನನಗೆ ಈ ಹೊಸ ವಿಂಗಡಣೆಯೇ ಸರಿ ಅನ್ನಿಸುತ್ತದೆ, ಯಾಕೆಂದರೆ ಯಾರಿಗೆ ಮತ್ತೆ ಬರುತ್ತದೆ ಅನ್ನೋದನ್ನ ಇದು ಚೆನ್ನಾಗಿ ಹೇಳುತ್ತದೆ.

ಇನ್ನು ಸ್ಕ್ಯಾನಿಗೆ ಅಂಕ ಹಾಕುವ ಲುಂಡ್-ಮಕಾಯ್ ಪದ್ಧತಿ. 1993ರದು, ಒಟ್ಟು 24 ಅಂಕ. ಕೋಣೆ ಖಾಲಿಯಿದ್ದರೆ ಸೊನ್ನೆ, ಅರೆ ತುಂಬಿದ್ದರೆ ಒಂದು, ಪೂರ್ತಿ ತುಂಬಿದ್ದರೆ ಎರಡು. ರೋಗವೇ ಇಲ್ಲದವರೂ ಸರಾಸರಿ ನಾಲ್ಕು ಅಂಕ ತೆಗೆಯುತ್ತಾರೆ. ಬರೀ ಕಾಗದ ನೋಡಿ ಹೆದರಬಾರದು, ಅಲ್ವಾ?

ತಲೆನೋವಿನ ವಿಷಯವೂ ಹೀಗೇ. ನಮ್ಮಲ್ಲಿ ಹುಬ್ಬಿನ ಮೇಲೆ ನೋವು ಬಂತೋ, ಸೈನಸ್ ಅಂದುಬಿಡುತ್ತೇವೆ. ತಮಗೆ ಸೈನಸ್ ತಲೆನೋವು ಅಂತ ನಂಬಿಕೊಂಡಿದ್ದ ಸುಮಾರು 3,000 ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ನೂರಕ್ಕೆ 88 ಮಂದಿಯ ನೋವು ಮೈಗ್ರೇನ್ ಬಗೆಯದು! ಮೂಗು ಕಟ್ಟದೆ, ಸಿಂಬಳ ಸೋರದೆ, ವಾಸನೆ ಹೋಗದೆ, ಬರೀ ತಲೆ ನೋಯುತ್ತಿದ್ದರೆ ಅದನ್ನು ಸೈನಸ್ ರೋಗದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದೇ ರೀತಿ ಒಂದು ಹೊಳ್ಳೆ ಬಿಟ್ಟು ಇನ್ನೊಂದು, ಸರದಿಯ ಮೇಲೆ ಕಟ್ಟಿಕೊಳ್ಳುವುದು ರೋಗವಲ್ಲ. ಕೆಲವು ಗಂಟೆಗೊಮ್ಮೆ ಎಲ್ಲ ಮೂಗುಗಳೂ ಪಾಳಿ ಬದಲಿಸುತ್ತವೆ. ಯೋಗಿಗಳು ಯಾವ ಸ್ವರ ನಡೆಯುತ್ತಿದೆ ಅಂತ ನೋಡಿಕೊಳ್ಳುತ್ತಿದ್ದದ್ದು ಇದನ್ನೇ. ಯುರೋಪಿನಲ್ಲಿ ಇದನ್ನು ಕೈಸರ್ ಎಂಬುವರು ಬರೆದದ್ದು 1895ರಲ್ಲಿ. ಇದು ತಿಳಿಯದೆ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ವಾರಗಟ್ಟಲೆ ಹಾಕಿಕೊಂಡವರಿಗೆ ಆಮೇಲೆ ಆ ಡ್ರಾಪ್ಸ್ ಇಲ್ಲದೆ ಮೂಗು ಬಿಡುವುದೇ ಇಲ್ಲ.

ಯೋಗದ ಮಾತು ಬಂತು, ದುಂಬಿಯ ಹಾಗೆ ಗುನುಗುತ್ತಾ ಉಸಿರು ಬಿಡುವ ಭ್ರಾಮರಿ ಪ್ರಾಣಾಯಾಮದ ವಿಷಯ ಕೇಳಿದ್ದೀರಾ? ಅಂಥದ್ದೇ ಗುನುಗನ್ನು ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆಯ ವೈಟ್ಜ್‌ಬರ್ಗ್ ಮತ್ತು ಲುಂಡ್‌ಬರ್ಗ್ 2002ರಲ್ಲಿ ಅಳೆದು ನೋಡಿದರು. ಸೈನಸ್ಸುಗಳು ನೈಟ್ರಿಕ್ ಆಕ್ಸೈಡ್ ಅನಿಲ ತಯಾರಿಸುತ್ತವೆ. ಸುಮ್ಮನೆ ಉಸಿರು ಬಿಡುವುದಕ್ಕಿಂತ ಬಾಯಿ ಮುಚ್ಚಿ ಹೂಂಗುಟ್ಟುತ್ತಾ ಬಿಟ್ಟರೆ ಮೂಗಿನಿಂದ ಬರುವ ಆ ಅನಿಲ 15 ಪಟ್ಟು ಹೆಚ್ಚು! ಗಾಳಿ ಅಲುಗಿ ಕೋಣೆಗಳು ಬರಿದಾಗುತ್ತವೆ. ಬಾಗಿಲು ಮುಚ್ಚಿದವರಲ್ಲಿ ಹೆಚ್ಚಾಗುವುದಿಲ್ಲ. ನಮ್ಮ ಅಜ್ಜಿ ಮಧ್ಯಾಹ್ನ ಬತ್ತಿ ಹೊಸೆಯುತ್ತಾ ಬಾಯಿ ಮುಚ್ಚಿಕೊಂಡೇ ದೇವರನಾಮ ಗುನುಗುತ್ತಿದ್ದರು, ಪದ ಕೇಳಿಸುತ್ತಿರಲಿಲ್ಲ, ರಾಗ ಮಾತ್ರ. ಅವರಿಗೆ ತೊಂಬತ್ತರವರೆಗೂ ಮೂಗು ಚೊಕ್ಕವಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಕಟ್ಟಲು ಆಗುವುದಿಲ್ಲ ಬಿಡಿ, ಆದರೂ ನೆನಪಾಗುತ್ತದೆ.

2021ರ ಕಪ್ಪು ಶಿಲೀಂಧ್ರದ ದಿನಗಳನ್ನು ಮಾತ್ರ ನಾವ್ಯಾರೂ ಮರೆಯಲಾರೆವು. ಕೋವಿಡ್ ಬಂದು, ಸಕ್ಕರೆ ಕಾಯಿಲೆ ಏರಿ, ಸ್ಟೀರಾಯ್ಡ್ ತೆಗೆದುಕೊಂಡವರ ಸೈನಸ್ಸಿಗೆ ನುಗ್ಗಿ, ದಿನಗಳಲ್ಲೇ ಕಣ್ಣಿಗೂ ಮಿದುಳಿಗೂ ಏರುತ್ತಿತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಂಥ ಕಡೆ ಮೂಗಿನ ಡಾಕ್ಟರುಗಳು ಪಿಪಿಇ ಕಿಟ್ಟಿನೊಳಗೆ ಬೆವರುತ್ತಾ, ಇದೇ 4 ಮಿಲಿಮೀಟರ್ ಕಡ್ಡಿ ಹಿಡಿದು, ಸತ್ತ ಮೂಳೆಯನ್ನೂ ಪೊರೆಯನ್ನೂ ತೆಗೆದು ತೆಗೆದು ಎಷ್ಟು ಜನರ ಜೀವ ಉಳಿಸಿದರು! ಆಗ ಒಳಪೊರೆ ಉಳಿಸುವ ಮಾತೇ ಇರಲಿಲ್ಲ, ರೋಗ ಅಂಥದು. ಆ ವೈದ್ಯರಿಗೆ ನಾವು ಸಾಕಷ್ಟು ಕೃತಜ್ಞತೆ ಹೇಳಲಿಲ್ಲ ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ.

ಈಗ ರಾಯರ ಪ್ರಶ್ನೆ. ಬಾಗಿಲು ಕಟ್ಟಿಕೊಂಡಿದ್ದರಿಂದಲೇ ಬಂದ ರೋಗವಾದರೆ, ಬಾಗಿಲು ಬಿಡಿಸಿದ ಮೇಲೆ ಹೆಚ್ಚಿನವರಿಗೆ ಅಲ್ಲಿಗೆ ಮುಗಿಯಿತು. ದುರ್ಮಾಂಸದವರ ವಿಷಯ ಬೇರೆ. ಅವರ ರೋಗ ಬಾಗಿಲಲ್ಲಿಲ್ಲ, ಒಳಗಿನ ಪೊರೆಯಲ್ಲೇ ಇದೆ. ಆಸ್ತಮಾ ಇದ್ದು, ಆಸ್ಪಿರಿನ್ ಮಾತ್ರೆ ಆಗಿಬರದೆ, ದುರ್ಮಾಂಸವೂ ಇದ್ದವರಿಗೆ ಅದು ಮತ್ತೆ ಬೆಳೆಯುವುದು ಬಹಳ ಸಾಮಾನ್ಯ. ಹಾಗಾದರೆ ಆಪರೇಷನ್ ಯಾಕೆ? ಕೋಣೆ ಮುಚ್ಚಿದ್ದಾಗ ಮೂಗಿಗೆ ಹೊಡೆದ ಸ್ಟೀರಾಯ್ಡ್ ಸ್ಪ್ರೇ ಸೈನಸ್ಸಿನೊಳಗೆ ಹೋಗುವುದೇ ಇಲ್ಲ. ಉಪ್ಪುನೀರೂ ಹೋಗುವುದಿಲ್ಲ. ಬಾಗಿಲು ಅಗಲವಾದ ಮೇಲೆ ಎರಡೂ ಪೊರೆಯವರೆಗೆ ಮುಟ್ಟುತ್ತವೆ, ಪೊರೆ ಹತೋಟಿಗೆ ಬರುತ್ತದೆ. ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದು ತೊಳೆಯುವುದನ್ನು ಬಿಟ್ಟವರೇ ಹೆಚ್ಚಾಗಿ "ಮತ್ತೆ ಬಂತು" ಅನ್ನುವುದು. 2019ರಿಂದ ಇಂಥ ದುರ್ಮಾಂಸಕ್ಕೆ ಡುಪಿಲುಮಾಬ್ ಅನ್ನುವ ಇಂಜೆಕ್ಷನ್ನೂ ಬಂದಿದೆ, ಆದರೆ ಬೆಲೆ ಕೈಗೆಟುಕುವಂಥದಲ್ಲ.

ಇಷ್ಟು ಹೇಳಿದ ಮೇಲೆ ರಾಯರು, "ಸರಿ, ತೊಳೆಯೋದು ಹೇಗೆ?" ಅಂದರು. ಲೀಟರ್ ನೀರಿಗೆ 9 ಗ್ರಾಂ ಉಪ್ಪು. ನಮ್ಮ ಕಣ್ಣೀರಿನಷ್ಟೇ ಉಪ್ಪಿದ್ದರೆ ಮೂಗು ಉರಿಯುವುದಿಲ್ಲ. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿ ನೀರು, ಬಾವಿ ನೀರು, ಕೆರೆ ನೀರು ಯಾವುದೂ ಬೇಡ, ಅದರಲ್ಲಿ ಮಿದುಳಿಗೆ ಹತ್ತುವ ಅಮೀಬಾ ಇರಬಹುದು. ಮುಂದಕ್ಕೆ ಬಾಗಿ, ಬಾಯಲ್ಲಿ ಉಸಿರಾಡುತ್ತಾ ತೊಳೆಯಬೇಕು. ಜಲನೇತಿಯ ಗಿಂಡಿ ಇದ್ದರೆ ಅದೇ ಸಾಕು. ತೊಳೆದು ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ. ಅದಕ್ಕೂ ಒಂದು ಕ್ರಮ ಇದೆ, ಯಾರೂ ಹೇಳಿಕೊಡುವುದಿಲ್ಲ: ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹಾಗೆ ಹಿಡಿದರೆ ಮೊನೆ ತಾನಾಗಿ ಕಣ್ಣಿನ ಕಡೆಗೆ ತಿರುಗುತ್ತದೆ. ಅದೇ ಕೈಯಲ್ಲಿ ಅದೇ ಕಡೆಗೆ ಹೊಡೆದರೆ ಔಷಧಿ ನಡುಗೋಡೆಗೆ ಬಿದ್ದು, ಅಲ್ಲಿ ಒಣಗಿ, ರಕ್ತ ಬರುತ್ತದೆ. ರಾಯರು ಕೈಲಿದ್ದ ದಾಸವಾಳವನ್ನು ಬೇಲಿಯ ಮೇಲಿಟ್ಟು, ಖಾಲಿ ಕೈಯನ್ನೇ ಅಡ್ಡ ತಂದು, ಬಲಕ್ಕೆ ಎಡಗೈ, ಎಡಕ್ಕೆ ಬಲಗೈ ಅಂತ ಎರಡು ಸಲ ಅಭ್ಯಾಸ ಮಾಡಿ, ತಮ್ಮ ಮನೆಯವರನ್ನು ಕೂಗಿ ಕರೆದು ಅವರಿಗೂ ತೋರಿಸಿದರು.